ಬೆನ್ನ ಹಿಂದೆ ಬಿಸಿಲು

ಬಾಡಿಗೆ ಮನೆ ಬದಲಿಸಬೇಕಿತ್ತು. ಗಂಡನ ಕೆಲಸ ಊರ ನಡುವಿನ ಪೇಟೆಯಲ್ಲಿ. ದಿನವೂ ಕಾರಿನಲ್ಲಿ ಹೋಗಿಬರಬೇಕು. ಹೆಂಡತಿಗೆ ಊರಿನ ಪಶ್ಚಿಮಕ್ಕಿರುವ ತವರಿನ ಬಡಾವಣೆಯೇ ಬೇಕು. ಅತ್ತೆಯ ಪಕ್ಕದಲ್ಲಿ ಸಂಸಾರ ಮಾಡುವುದಕ್ಕಿಂತ ಕಾರಿನಲ್ಲೇ ಮಲಗುವುದು ಮೇಲು ಎಂಬುದು ಗಂಡನ ಗುಟ್ಟಾದ ಅಭಿಪ್ರಾಯ. ಹಾಗೆಂದು ಬಾಯಿಬಿಟ್ಟು ಹೇಳುವುದು ಹೇಗೆ?

ಭಾನುವಾರ ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ಅವನು ಮಾತು ತೆಗೆದ.

“ಮಾವ, ಇಲ್ಲಿಂದ ಪೇಟೆಗೆ ಕಾರು ಓಡಿಸೋದು ಕಷ್ಟ. ಬೆಳಿಗ್ಗೆ ಹೋಗುವಾಗ ಸೂರ್ಯ ಕಣ್ಣಿಗೇ ಹೊಡೀತಾನೆ. ಸಂಜೆ ವಾಪಸ್ ಬರುವಾಗ್ಲೂ ಎದುರಿಗೇ ಇರ್ತಾನೆ. ಅದೇ ಪೂರ್ವದ ಕಡೆ ಮನೆ ಮಾಡಿದ್ರೆ, ಹೋಗುವಾಗ್ಲೂ ಬರುವಾಗ್ಲೂ ಬಿಸಿಲು ಬೆನ್ನಿಗೆ.”

“ಇಷ್ಟು ದಿನ ಇಲ್ಲದ ಸೂರ್ಯ ಈಗ ಎಲ್ಲಿಂದ ಬಂದ್ನೋ!” ಎಂದಳು ಹೆಂಡತಿ.

ಮಾವ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದರು. ಪೇಟೆಯಲ್ಲಿ ಅವರದು ಪಾತ್ರೆ ಅಂಗಡಿ. ಇಷ್ಟು ವರ್ಷ ಇದೇ ರಸ್ತೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡೇ ಕಾರು ಓಡಿಸಿದವರು.

“ಸುಮ್ನಿರಮ್ಮ. ಅಳಿಯಂದ್ರ ಮಾತಲ್ಲಿ ತೂಕ ಇದೆ. ಪೂರ್ವದ ಕಡೆನೇ ಮನೆ ನೋಡ್ಲಿ.”

ಗಂಡ ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡ.

ಸ್ವಲ್ಪ ದಿನಗಳಲ್ಲೇ ಪೂರ್ವದ ಬಡಾವಣೆಯಲ್ಲಿ ಮಹಡಿಯ ಮೇಲಿನ ಮನೆಯೊಂದು ಸಿಕ್ಕಿತು. ಹಾಲುಕ್ಕಿಸಿದ ದಿನ ಮಾವ ಬಂದು ಅಳಿಯನ ಭುಜ ತಟ್ಟಿದರು.

“ಇಷ್ಟು ವರ್ಷದಲ್ಲಿ ಈ ಬುದ್ಧಿ ನನಗೆ ಯಾರೂ ಹೇಳಿರ್ಲಿಲ್ಲ, ಅಳಿಯಂದ್ರೇ. ನಮ್ಮನೆ ಬಾಡಿಗೆಗೆ ಬಿಟ್ಟು, ನಿಮ್ಮ ಕೆಳಗಿನ ಮನೆಗೆ ಅಡ್ವಾನ್ಸ್ ಕೊಟ್ಟಾಯ್ತು. ನಿಮ್ಮತ್ತೆ ಸಾಮಾನು ಕಟ್ತಾ ಇದ್ದಾಳೆ.”