ಒಂದೇ ಬಟ್ಟಲು

ಹುಮನಾಬಾದಿನ ನನ್ನ ಅಡುಗೆಮನೆಯಲ್ಲಿ ಒಣದ್ರಾಕ್ಷಿ ಕುದಿಯುವಾಗ ಬಸವಕಲ್ಯಾಣದ ಚರ್ಚಿನ ಆ ಮಧ್ಯಾಹ್ನ ಈಗಲೂ ನೆನಪಾಗುತ್ತದೆ.

ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ರಸ ಹಂಚುವ ಪ್ರಭುಭೋಜನಕ್ಕೆ ಒಣದ್ರಾಕ್ಷಿ ಕುದಿಸಿ ದ್ರಾಕ್ಷಾರಸ ಮಾಡುವುದು ಅಜ್ಜಿಯ ಕೆಲಸವಾಗಿತ್ತು. ಎಲ್ಲರೂ ಒಂದೇ ಬೆಳ್ಳಿ ಬಟ್ಟಲಿನಿಂದ ಕುಡಿಯುತ್ತಿದ್ದರು. ಅವತ್ತು ಮಂಠಾಳ ಹಳ್ಳಿಯಿಂದ ಚರ್ಚಿನ ಸಭೆಗೆ ಹೊಸದಾಗಿ ಸೇರಿದವರು ಮೊದಲ ಸಲ ಕುಡಿಯುವವರಿದ್ದರು. ವರ್ಷವಿಡೀ ಅವರ ಅಂಗಳದಲ್ಲಿ ಕೂತು ಪ್ರಾರ್ಥನೆ ಕಲಿಸಿದವಳು ಅಜ್ಜಿಯೇ. ಸಭೆಯ ಹಿರಿಯರೊಬ್ಬರು ಮೇಜಿನ ಮೇಲೆ ಸಣ್ಣ ಸ್ಟೀಲ್ ಲೋಟಗಳನ್ನು ಜೋಡಿಸಿದರು.

"ಅವರಿಗೆ ಇವು ಇರಲಿ ಬಿಡ್ರಿ. ಅವರ ಜಾತಿ ಬ್ಯಾರೆ, ನಮ್ಮ ಮಂದಿ ಒಪ್ಪಂಗಿಲ್ಲ."

ಅಜ್ಜಿ ರಸದ ತಂಬಿಗೆಯನ್ನು ಸೊಂಟಕ್ಕೆ ಒತ್ತಿ ಹಿಡಿದಳು. ಅವಳ ಸೆರಗಿನ ತುದಿ ನನ್ನ ಮುಷ್ಟಿಯಲ್ಲಿತ್ತು.

"ಅವರ ಮನಿ ರೊಟ್ಟಿ ತಿಂದು ಪಾಠ ಹೇಳೀನ್ರಿ. ಬಟ್ಟಲ ಒಂದ ಇದ್ರ ಸುರೀತೀನಿ. ಇಲ್ಲಂದ್ರ ಹೊರಗ ಬೇವಿನ ಬುಡಕ್ಕ ಹಾಕ್ತೀನಿ."

ಪಾದ್ರಿಗಳು ಕೆಮ್ಮಿದರು. ಲೋಟಗಳು ಚೀಲಕ್ಕೆ ಮರಳಿದವು.

ಅಜ್ಜಿ ಮಂಠಾಳದ ಶಾಂತಮ್ಮನನ್ನು ಕೈಹಿಡಿದು ತಂದು ಎಲ್ಲರಿಗಿಂತ ಮೊದಲು ವೇದಿಯ ಮುಂದೆ ಮೊಣಕಾಲೂರಿಸಿದಳು. ಪಕ್ಕದ ಜಾಗ ವಾಡಿಕೆಯಂತೆ ಆ ಹಿರಿಯರದು. ಶಾಂತಮ್ಮ ಕುಡಿದ ಬಟ್ಟಲು ಅವರ ಮುಂದೆ ಬಂತು. ಸಭೆಯವರೆಲ್ಲ ಕಣ್ಣು ಮುಚ್ಚಿದ್ದರು. ಅಜ್ಜಿ ಮುಚ್ಚಲಿಲ್ಲ. ರಸ ನುಂಗಿ ಆ ಹಿರಿಯರ ಗಂಟಲು ಅಲ್ಲಾಡುವ ತನಕ ನೋಡುತ್ತಲೇ ಇದ್ದಳು.