ಅಜ್ಜಿಯ ವಾರ್ತೆ

ಆಕಾಶಕ್ಕೆ ಹೋದ ಹಳೆಯ ಟಿವಿ ಪ್ರಸಾರಗಳು ಈಗ ಮರಳುತ್ತಿವೆ, ಒಂದೊಂದೂ ಒಂದೇ ಸಲ. ಸಮಯಪಟ್ಟಿಯನ್ನು ರೇಷನ್ ಅಂಗಡಿಯ ಗೋಡೆಗೆ ಅಂಟಿಸುತ್ತಾರೆ. ಇಂದು ಬೆಳಿಗ್ಗೆ ವಾರ್ತೆ ಓದುವ ಸರದಿ ನೀಲಾಂಬಿಕೆಯದು, ನನ್ನಜ್ಜಿಯದು. ಅವಳು ತೀರಿಕೊಂಡಾಗ ಅವ್ವನಿಗೆ ಎರಡು ವರ್ಷ.

ಹೋದ ತಿಂಗಳು ಹೀಗೇ ಮರಳಿದ ಮಾವನ ಕಬಡ್ಡಿ ಪಂದ್ಯವನ್ನು ಕಂಟೇನರಿನೊಳಗೇ, ಅಂದರೆ ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ತಂತ್ರಾಂಶ ಓಡುವ ತಾತ್ಕಾಲಿಕ ಗೂಡಿನೊಳಗೇ, ಬಿಟ್ಟಿದ್ದೆ. ತಂತ್ರಾಂಶ ನವೀಕರಿಸಿದಾಗ ಕಂಟೇನರಿನ ಜೊತೆ ಪಂದ್ಯವೂ ಅಳಿಸಿಹೋಯಿತು. ಈ ಸಲ ಅಜ್ಜಿಯ ವಾರ್ತೆಯನ್ನು ಕಂಟೇನರಿನ ಹೊರಗಿನ ಡಿಸ್ಕಿಗೆ ಬರೆಸಿದೆ.

ಅಜ್ಜಿ ಕೈಮುಗಿದಳು, ಓದಿದಳು, ಮರೆಯಾದಳು. ಅವ್ವ ಕೈಮುಗಿಯಲೂ ಮರೆತು ಕೂತಿದ್ದಳು. ರೆಕಾರ್ಡಿಂಗ್ ಡಿಸ್ಕಿನಲ್ಲಿ ಉಳಿದಿದೆಯೆಂದು ಬರಿದೇ ನಂಬಲಾರದೆ, ಪರೀಕ್ಷಿಸಲು ನಾನು ಕಂಟೇನರನ್ನೇ ಅಳಿಸಿದೆ.

"ಅಯ್ಯ, ನಮ್ಮವ್ವನ್ನೂ ಕಳದೇನ?" ಅವ್ವ ಚೀರಿದಳು.

"ಈಗ ಉಳದ್ರ ಯಾವತ್ತೂ ಉಳೀತದವ್ವ. ತಡಿ."

ಹೊಸ ಕಂಟೇನರ್ ಶುರು ಮಾಡಿ ಡಿಸ್ಕಿನಲ್ಲಿದ್ದ ರೆಕಾರ್ಡಿಂಗ್ ಹಾಕಿದೆ. ಅಜ್ಜಿ ಮತ್ತೆ ಕೈಮುಗಿದು "ನಮಸ್ಕಾರ" ಎಂದಳು. ಅವ್ವ ಸೆರಗು ಸರಿಮಾಡಿಕೊಂಡು ತಾನೂ ಕೈಮುಗಿದಳು.