ಮೇ ತನಕ

ಆರ್ವೊ ಹಾರೆ ಎತ್ತಿ ಹೆಪ್ಪುಗಟ್ಟಿದ ನೆಲಕ್ಕೆ ಕುಟ್ಟಿದ. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಹಾಗೆ ಠಣ್ ಎಂದಿತು. "ಕೇಳಿಸ್ತಾ? ಸೊಂಟದ ಆಳದವರೆಗೂ ಹೀಗೇ ಇದೆ. ಮೇ ಹದಿನೈದು ಆಗೋ ತನಕ ನನ್ನನ್ನ ಏನೂ ಕೇಳ್ಬೇಡ, ಮಗೂ. ನಲವತ್ತು ವರ್ಷದಿಂದ ಗುಂಡಿ ತೋಡ್ತಿದೀನಿ, ಚಳಿಗಾಲದಲ್ಲಿ ಒಂದೂ ತೋಡಿಲ್ಲ."

ಕೈಸಾ ಸ್ಮಶಾನದ ಗೇಟಿನ ಪಕ್ಕದ ಕಲ್ಲುಕೋಣೆಯ ಕಡೆ ನೋಡಿದಳು. ಅಮ್ಮ ಅದರೊಳಗಿದ್ದಳು, ಹನ್ನೆರಡು ದಿನವಾಗಿತ್ತು. ಮಿಷಿಗನ್ನಿನ ಈ ತುದಿಯಲ್ಲಿ ಹಿಮ ಕೂತ ಮೇಲೆ ಸತ್ತವರು ಪೆಟ್ಟಿಗೆಯೊಳಗೆ, ಆ ಕೋಣೆಯಲ್ಲೇ, ನೆಲ ಸಡಿಲವಾಗುವುದನ್ನು ಕಾಯಬೇಕು. ಅಮ್ಮನ ಪಕ್ಕದಲ್ಲಿ ಇನ್ನೂ ಮೂವರಿದ್ದರು. ಅದು ಇಲ್ಲಿ ಯಾರಿಗೂ ವಿಶೇಷವಲ್ಲ. ಆದರೆ ಬ್ರಿಟನ್ನಿನ ಯಾರ್ಕ್‌ನಲ್ಲಿ ಕೈಸಾ ಓದಬೇಕೆಂದಿದ್ದ ಸೆಮಿಸ್ಟರ್ ಜನವರಿ ಕೊನೆಗೆ ಶುರುವಾಗಿ ಜೂನ್‌ಗೆ ಮುಗಿಯುತ್ತಿತ್ತು. ಮೇ ತಿಂಗಳಿಡೀ ಪರೀಕ್ಷೆ. ಹೋಗುತ್ತೀಯೋ ಇಲ್ಲವೋ ಎಂದು ಶುಕ್ರವಾರದೊಳಗೆ ತಿಳಿಸಬೇಕಿತ್ತು. ಮುಂದಿನ ವರ್ಷ ಈ ಅವಕಾಶವಿಲ್ಲ. ಸತ್ತವರಿಗೆ ಅವಸರವಿರಲಿಲ್ಲ, ಕಾಲೇಜಿಗೆ ಇತ್ತು. ಕಡಲೆಕಾಯಿ ತಿಂದರೆ ಮೈ ಊದುತ್ತದೆಯೇ ಎನ್ನುವುದಕ್ಕೂ ಕಾಲೇಜಿನ ಫಾರ್ಮಿನಲ್ಲಿ ಒಂದು ಕಾಲಂ ಇತ್ತು. ಅಮ್ಮನನ್ನು ಇನ್ನೂ ಮಣ್ಣು ಮಾಡಿಲ್ಲ ಎಂದು ಬರೆಯಲು ಜಾಗವಿರಲಿಲ್ಲ.

ಮನೆಯಲ್ಲಿ ಅವಳ ಅಣ್ಣ ಡ್ಯಾರಿಲ್, ಚರ್ಚಿನ ಹೆಂಗಸರು ತಂದಿಟ್ಟಿದ್ದ ಆಲೂಗಡ್ಡೆಯನ್ನು ಬಿಸಿ ಕೂಡ ಮಾಡದೆ ತಿನ್ನುತ್ತಿದ್ದ. ಅಪ್ಪ ಬಿಟ್ಟುಹೋದ ವರ್ಷ, ಹದಿನಾರಕ್ಕೇ ಶಾಲೆ ಬಿಟ್ಟವನು. ರಸ್ತೆಯ ಹಿಮ ಗೋರುವ ಲಾರಿ ಓಡಿಸುತ್ತಿದ್ದ. ಆರ್ವೊ ಹೇಳಿದ್ದನ್ನು ಅವಳು ಹೇಳಿದಾಗ, ಅದನ್ನು ಕೇಳಲು ಅಷ್ಟು ದೂರ ನಡೆದು ಹೋಗಬೇಕಿತ್ತಾ, ತನ್ನನ್ನು ಕೇಳಿದ್ದರೆ ತಾನೇ ಹೇಳುತ್ತಿದ್ದೆ ಎಂದ.

"ನಾನು ಹೋಗಲ್ಲ," ಎಂದಳು ಕೈಸಾ. "ಅಮ್ಮನ್ನ ಮಣ್ಣಿಗೆ ಇಡೋ ದಿನ ನಾನು ಎಲ್ಲೋ ಕೂತು ಪರೀಕ್ಷೆ ಬರೀಲಾ?"

"ಹೆದ್ರಿಕೆ ಆದ್ರೆ ಹೆದ್ರಿಕೆ ಅನ್ನು," ಎಂದ ಡ್ಯಾರಿಲ್, ತಟ್ಟೆಯಿಂದ ತಲೆ ಎತ್ತದೆ. "ಡೆಟ್ರಾಯಿಟ್‌ಗೆ ಹೋಗಿ ಎರಡೇ ದಿನಕ್ಕೆ ಅತ್ಕೊಂಡು ವಾಪಸ್ ಬಂದೋಳು ನೀನು. ಅದನ್ನ ತಂದು ಅಮ್ಮನ ತಲೆಗೆ ಕಟ್ಬೇಡ. ಅವಳು ಬದುಕಿದ್ದಾಗ ಯಾರ ದಾರಿಗೂ ಅಡ್ಡ ನಿಂತೋಳಲ್ಲ."

"ನಿಂಗೇನು ಗೊತ್ತು? ಈ ಊರಿನ ಹಿಮ ಗೋರೋದು ಬಿಟ್ಟು ನೀನು ಇನ್ನೇನು ಕಂಡಿದೀಯ?"

ಡ್ಯಾರಿಲ್ ತಟ್ಟೆ ತೊಳೆದಿಟ್ಟು, ಕೋಟು ಹಾಕಿಕೊಂಡು ಹೊರಗೆ ಹೋದ.

ಮರುದಿನ, ಮಂಗಳವಾರ, ಸ್ಮಶಾನದಿಂದ ಹೊಗೆ ಎದ್ದಿತು. ಅಮ್ಮನಿಗೆಂದು ಗುರುತು ಹಾಕಿದ್ದ ಜಾಗದ ಹಿಮ ಬಳಿದು, ಡ್ಯಾರಿಲ್ ಒಂದು ಗಾಡಿ ಮೇಪಲ್ ಸೌದೆ ಒಟ್ಟಿ ಬೆಂಕಿ ಹಚ್ಚಿದ್ದ. ಆರ್ವೊ ಓಡಿ ಬಂದು ಬಾಯಿಗೆ ಬಂದ ಹಾಗೆ ಬೈದ. ಬೈದು ಮುಗಿಸಿ, ಮೇಲೆ ತಗಡು ಮುಚ್ಚದಿದ್ದರೆ ಶಾಖವೆಲ್ಲ ಆಕಾಶಕ್ಕೆ ಹೋಗುತ್ತದೆ, ಅಷ್ಟೂ ಗೊತ್ತಿಲ್ಲವಾ ಎಂದು ತನ್ನ ಶೆಡ್ಡಿನಿಂದಲೇ ಹಳೆಯ ತಗಡು ಎಳೆದು ತಂದ. ಬೆಂಕಿ ಒಂದು ಸಲಕ್ಕೆ ಒಂದು ಗೇಣು ನೆಲವನ್ನು ಸಡಿಲಿಸುತ್ತಿತ್ತು. ಕೆಂಡ ಪಕ್ಕಕ್ಕೆ ತಳ್ಳಿ, ಆ ಗೇಣನ್ನು ಪಿಕಾಸಿಯಲ್ಲಿ ಅಗೆದು, ಮತ್ತೆ ಬೆಂಕಿ. ತೆಗೆದ ಮಣ್ಣು ಮತ್ತೆ ಕಲ್ಲಾಗದಿರಲೆಂದು ಡ್ಯಾರಿಲ್ ಅದಕ್ಕೆ ಕೆಂಡ ಬೆರೆಸುತ್ತಿದ್ದ. ಊರಿನವರು ಕಾರು ನಿಧಾನ ಮಾಡಿ, ಗಾಜು ಇಳಿಸದೆ ನೋಡಿಕೊಂಡು ಹೋದರು. ಒಬ್ಬನೂ ಇಳಿಯಲಿಲ್ಲ. ಬುಧವಾರ ಕೈಸಾ ಕಾಫಿ ತಂದು, ತಾನೂ ಸಲಿಕೆ ಹಿಡಿಯಲು ಹೋದಾಗ ಅವನು ಕಿತ್ತುಕೊಂಡ. ಯಾರಿಗಾಗಿ ಇದು ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಗುರುವಾರ ಹೊತ್ತು ಮುಳುಗುವಷ್ಟರಲ್ಲಿ ಅವನ ಟೊಪ್ಪಿಗೆ ಮಾತ್ರ ಮೇಲಕ್ಕೆ ಕಾಣುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಪಾದ್ರಿ ಬೆಚ್ಚನೆಯ ಕಾರಿನಿಂದ ಇಳಿದು, ನಾಲ್ಕು ನಿಮಿಷದಲ್ಲಿ ಪ್ರಾರ್ಥನೆ ಮುಗಿಸಿ, ಬೆಚ್ಚನೆಯ ಕಾರಿಗೆ ಹತ್ತಿದರು. ಕೈಸಾ ಒಂದು ಹಿಡಿ ಮಣ್ಣು ಹಾಕಿದಳು. ಬೆಚ್ಚಗಿತ್ತು. ಅವಳು ಇಷ್ಟು ದಿನ ಹಿಡಿದಿಟ್ಟುಕೊಂಡಿದ್ದ ಅಳು ಆಗ ಬಂತು.

ಎಲ್ಲರೂ ಹೋದರು. ಡ್ಯಾರಿಲ್ ಗುಂಡಿ ಮುಚ್ಚಿ ಮುಗಿಸುವ ತನಕ ನಿಂತಿದ್ದು, ಅವಳು ಕೈಗವಸು ತೆಗೆದು, ಹೋಗುತ್ತೇನೆಂದು ಫೋನಿನಲ್ಲೇ ಕಾಲೇಜಿಗೆ ಬರೆದು ಕಳಿಸಿದಳು. ಕಳಿಸಿದೆ ಎಂದಾಗ ಅವನು ತಲೆಯಾಡಿಸಿದ. ಅಂಗೈಯ ಬೊಕ್ಕೆಗಳೆಲ್ಲ ಒಡೆದು, ಸಲಿಕೆಯನ್ನು ಎರಡು ಬೆರಳ ತುದಿಯಲ್ಲಿ ಹಿಡಿದಿದ್ದ. ಹಿಮ ಮತ್ತೆ ಶುರುವಾಯಿತು. ಉಳಿದ ಗೋರಿಗಳ ಮೇಲೆಲ್ಲ ಕೂತಿತು. ಅಮ್ಮನ ಮೇಲೆ ಬಿದ್ದದ್ದು ಮಾತ್ರ ಬಿದ್ದ ಹಾಗೇ ಕರಗುತ್ತಿತ್ತು.

"ಜೂನ್‌ನಲ್ಲಿ ಬರ್ತೀನಿ," ಎಂದಳು.

"ಯಾಕೆ?" ಎಂದ.

ಚುಚ್ಚಲು ಕೇಳಿದ್ದಾಗಿದ್ದರೆ ಅವಳು ತಿರುಗಿಸಿ ಏನಾದರೂ ಅಂದುಬಿಡುತ್ತಿದ್ದಳು. ಅವನು ನಿಜಕ್ಕೂ ಕೇಳಿದ್ದ. ಉತ್ತರ ಬರಲಿ ಎಂದು ನಿಂತೇ ಇದ್ದ.